ಅಟ್ಟದ ಮೇಲಿರೋ ಹಳೇ ಆಟದ ಸಾಮಾನಿಗೆ ನಿಜವಾಗ್ಲೂ ಬೆಲೆ ಇದ್ಯಾ? ಹೀಗೆ ನೋಡಿ

ದಸರಾ ಗೊಂಬೆ ಇಳಿಸೋಕೆ ಅಂತ ಅಟ್ಟ ಹತ್ತಿದಾಗ್ಲೋ ಹಳೇ ಮನೆ ಖಾಲಿ ಮಾಡೋವಾಗ್ಲೋ ಒಂದು ಟ್ರಂಕು ಸಿಗತ್ತೆ, ಒಳಗೆ ಕೀ ಕೊಡೋ ತಗಡಿನ ಕಾರು, ಕೂದಲು ಸಿಕ್ಕಾದ ಬಾರ್ಬಿ, ಬಣ್ಣ ಹೋದ ಸಣ್ಣ ಸಣ್ಣ ಗಾಡಿಗಳು, ಒಂದು ಚನ್ನಪಟ್ಟಣದ ಕುದುರೆ. ಯಾರೋ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ, ಅಲ್ಲಿ ಒಬ್ರು ಚಿಕ್ಕಪ್ಪ "ಇದು ಆಂಟಿಕ್ ಕಣ್ರೋ, ಲಕ್ಷಕ್ಕೆ ಹೋಗತ್ತೆ" ಅಂತಾರೆ, ಇನ್ನೊಬ್ರು "ಗುಜರಿಗೆ ಹಾಕ್ಬಿಡಿ" ಅಂತಾರೆ. ಇಬ್ರ ಮಾತೂ ಕೇಳ್ಬೇಡಿ, ನೀವೇ ನೋಡ್ಕೊಳೋಕೆ ಆಗತ್ತೆ, ಬೇಕಾಗಿರೋದು ಒಂದು ಭೂತಗನ್ನಡಿ, ಒಳ್ಳೆ ಬೆಳಕು, ಸ್ವಲ್ಪ ತಾಳ್ಮೆ ಅಷ್ಟೇ.

ಮೊದ್ಲೇ ಹೇಳ್ಬಿಡ್ತೀನಿ, ಹಳೇದು ಅನ್ನೋದೊಂದೇ ಸಾಕಾಗಲ್ಲ. ಐವತ್ತು ವರ್ಷದ ಸಾಮಾನಿಗೆ ಐವತ್ತು ರೂಪಾಯಿನೂ ಸಿಗದೇ ಇರಬಹುದು, ಮೂವತ್ತು ವರ್ಷದ್ದಕ್ಕೆ ಜನ ಮುಗಿಬೀಳಬಹುದು. ಆಗಿನ ಕಾಲದಲ್ಲಿ ಎಲ್ರೂ ಆಡಿ ಮುರಿದು ಬಿಸಾಕಿರ್ಬೇಕು, ಈಗ ಅದು ಬೇಕೇ ಬೇಕು ಅನ್ನೋ ಜನ ಇರ್ಬೇಕು, ಜೊತೆಗೆ ಇದು ಇಂಥದ್ದೇ ಅಂತ ತೋರಿಸೋಕೆ ಸಾಮಾನಿನ ಮೇಲೇ ಗುರುತು ಇರ್ಬೇಕು. ಇದ್ರಲ್ಲಿ ಒಂದಿಲ್ಲ ಅಂದ್ರೂ ಅದು ನೆನಪಿನ ವಸ್ತು, ಚೆನ್ನಾಗಿ ಇಟ್ಕೊಳ್ಳಿ, ದುಡ್ಡಿನ ಲೆಕ್ಕ ಬೇಡ.

1. ಒರೆಸೋ ಬಟ್ಟೆ ಪಕ್ಕಕ್ಕಿಡಿ

ಸಿಕ್ಕಿದ ತಕ್ಷಣ ಸೋಪ್ ನೀರಲ್ಲಿ ತೊಳೆಯೋದು ನಮ್ಮ ಜನರ ಹುಟ್ಟುಗುಣ. ಬೇಡ. ತಗಡಿನ ಆಟಿಕೆ ಮೇಲಿನ ಚಿತ್ರ ತಗಡಿನ ಮೇಲೇ ಪ್ರಿಂಟ್ ಆಗಿರತ್ತೆ, ಮಡಿಕೆ ಸಂದಿಯಲ್ಲಿ ನೀರು ನಿಂತ್ರೆ ತುಕ್ಕು ಒಳಗಿಂದ ಶುರುವಾಗತ್ತೆ, ಉಜ್ಜಿದ್ರೆ ಪ್ರಿಂಟೇ ಎದ್ದು ಬರತ್ತೆ. ಒಣ ಬ್ರಶ್ಶಲ್ಲಿ ಧೂಳು ಕೊಡವಿದ್ರೆ ಸಾಕು. ಸೆಲ್ ಹಾಕೋ ಆಟಿಕೆ ಆಗಿದ್ರೆ ಒಳಗೆ ಹಳೇ ಸೆಲ್ ಉಳ್ಕೊಂಡಿದ್ಯಾ ನೋಡಿ ಮೊದ್ಲು ತೆಗೀರಿ. ಮುಖ್ಯವಾಗಿ ಬಣ್ಣ ಹೊಡೀಬೇಡಿ, ಹಳೇ ಬಣ್ಣ ಚಕ್ಕೆ ಎದ್ದಿದ್ರೂ ಅದು ಅಸಲಿ, ಅದರ ಮೇಲೆ ಮನೇಲಿರೋ ಎನಾಮೆಲ್ ಬಳಿದ್ರೆ ಕಲೆಕ್ಟರ್, ಅಂದ್ರೆ ಹಳೇ ಆಟಿಕೆ ಹುಡ್ಕಿ ಕೂಡಿಡೋರ ಕಣ್ಣಲ್ಲಿ ಅದು ಅಲ್ಲಿಗೆ ಮುಗೀತು.

2. ವಯಸ್ಸು ಕಂಡುಹಿಡೀರಿ

ಇದೇ ಮಜಾ ಇರೋ ಕೆಲಸ, ಜನ ಎಡವೋದೂ ಇಲ್ಲೇ.

ಆಟಿಕೆ ತಿರುಗಿಸಿ ತಳ ನೋಡ್ತೀರಾ, ಅಲ್ಲೊಂದು ವರ್ಷ ಕೊರೆದಿರತ್ತೆ, "ಓ, ಇದು ಆ ವರ್ಷದ್ದು" ಅಂದ್ಕೊಳ್ತೀರಾ. ಬಹಳ ಸಲ ಅದು ಡಿಸೈನಿನ ಹಕ್ಕು ತಗೊಂಡ ವರ್ಷ, ತಯಾರಾದ ವರ್ಷ ಅಲ್ಲ. ಬಾರ್ಬಿ ಗೊಂಬೆ ಮಾರ್ಕೆಟ್ಟಿಗೆ ಬಂದಿದ್ದು 1959ರಲ್ಲಿ, ಆದ್ರೆ ಬೆನ್ನಿನ ಮೇಲೆ 1966 ಅಂತಿರೋ ಬಾರ್ಬಿಗಳು ಲೆಕ್ಕವಿಲ್ಲದಷ್ಟಿವೆ, ಅದು ಆ ಮೈಯಿನ ವಿನ್ಯಾಸದ ವರ್ಷ, ಎಂಬತ್ತರ ದಶಕದಲ್ಲಿ ಮಾಡಿದ ಗೊಂಬೆ ಮೇಲೂ ಅದೇ ಇರತ್ತೆ. ಹಾಟ್ ವೀಲ್ಸ್ ಕಾರುಗಳ ತಳದಲ್ಲೂ ಇದೇ ಕತೆ.

ನಮ್ಮ ದೇಶದ ಆಟಿಕೆಗೆ ಇದಕ್ಕಿಂತ ಒಳ್ಳೆ ದಾರಿ ಡಬ್ಬದ ಮೇಲಿರೋ ವಿಳಾಸ ಮತ್ತೆ ಬೆಲೆ. ಡಬ್ಬ ಅನ್ನೋದು ಆಟಿಕೆಯ ಜಾತಕ ಇದ್ದ ಹಾಗೆ, ಓದೋಕೆ ಬರಬೇಕಷ್ಟೇ. ಬೆಲೆ ಆಣೆಯಲ್ಲಿದ್ರೆ ಅದು ಹೆಚ್ಚುಕಮ್ಮಿ 1957ಕ್ಕಿಂತ ಹಿಂದಿನದು, ಯಾಕಂದ್ರೆ ಆ ವರ್ಷ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂತು. "ನಯೇ ಪೈಸೆ" ಅಂತ ಬರ್ದಿದ್ರೆ 1957ರಿಂದ 1964ರ ಆಸುಪಾಸು, ಆಮೇಲೆ ಬರೀ ಪೈಸೆ ಆಯ್ತು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ರೆ ಅದು 1972ರ ಆಗಸ್ಟ್ 15ರ ನಂತರದ್ದೇ, ಅದಕ್ಕೆ ಮುಂಚೆ "ಬೆಂಗಳೂರು-2" ಅಂತ ಸಣ್ಣ ನಂಬರ್ ಹಾಕ್ತಿದ್ರು. "ಮೈಸೂರು ರಾಜ್ಯ" ಅಂತಿದ್ರೆ ಡಬ್ಬ ಪ್ರಿಂಟ್ ಆಗಿದ್ದು 1973ರ ನವೆಂಬರ್‌ಗಿಂತ ಮುಂಚೆ ಅನ್ನೋ ಕಡೆಗೆ ತೂಗತ್ತೆ. ಬಾಂಬೆ ಮುಂಬೈ ಆಗಿದ್ದು 1995ರಲ್ಲಿ, ಮದ್ರಾಸು ಚೆನ್ನೈ ಆಗಿದ್ದು 1996, ಕಲ್ಕತ್ತಾ ಕೋಲ್ಕತಾ ಆಗಿದ್ದು 2001. ರೂಪಾಯಿಯ ಈಗಿನ ಚಿಹ್ನೆ ಇದ್ರೆ 2010ರ ನಂತರದ್ದು, ತಲೆ ಕೆಡಿಸ್ಕೊಳ್ಳೋದೇ ಬೇಡ. ಐಎಸ್‌ಐ ಮಾರ್ಕ್ ಇರೋ ಆಟಿಕೆನ ಯಾರಾದ್ರೂ "ತಾತನ ಕಾಲದ್ದು" ಅಂತ ಮಾರಿದ್ರೆ ನಕ್ಕು ಮುಂದೆ ಹೋಗಿ, ಆಟಿಕೆಗಳಿಗೆ ಆ ಮಾರ್ಕ್ ಕಡ್ಡಾಯ ಆಗಿದ್ದೇ 2021ರ ಜನವರಿ 1ರಿಂದ.

ಒಂದು ಎಚ್ಚರಿಕೆ: ಹೊಸ ಗುರುತು ಇದ್ರೆ "ಇದಕ್ಕಿಂತ ಹಳೇದಲ್ಲ" ಅಂತ ಗ್ಯಾರಂಟಿ, ಆದ್ರೆ ಹಳೇ ಗುರುತು ಇದ್ರೆ "ಹಳೇದೇ" ಅನ್ನೋಕಾಗಲ್ಲ. ಊರಿನ ಹೆಸರು ಬದಲಾದ್ಮೇಲೂ ಹಳೇ ಬ್ಲಾಕಲ್ಲೇ ವರ್ಷಗಟ್ಲೆ ಡಬ್ಬ ಪ್ರಿಂಟ್ ಮಾಡ್ಸಿದವ್ರು ಇದ್ದೇ ಇರ್ತಾರೆ.

ವಿದೇಶದ್ದಾದ್ರೆ ದೇಶದ ಹೆಸರು ಹುಡುಕಿ. ಪಶ್ಚಿಮ ಜರ್ಮನಿ ಅಂತಿದ್ರೆ 1949ರಿಂದ 1990ರ ಒಳಗೆ. "ಮೇಡ್ ಇನ್ ಆಕ್ಯುಪೈಡ್ ಜಪಾನ್" ಅಂತ ಇರೋ ತಗಡಿನ ಆಟಿಕೆ ಸಿಕ್ರೆ ಕುಣೀಬಹುದು, ಎರಡನೇ ಮಹಾಯುದ್ಧ ಆದ್ಮೇಲೆ ಅಮೆರಿಕದ ಸೇನೆ ಅಲ್ಲಿ ಕೂತಿದ್ದಾಗ, 1952ರ ತನಕ ಮಾತ್ರ ಹಾಕ್ತಿದ್ದ ಗುರುತು ಅದು, ಅದನ್ನೇ ಹುಡ್ಕಿ ಸೇರಿಸೋ ಜನ ಇದಾರೆ.

ಇನ್ನು ಮರದ ಗೊಂಬೆಗಳಿಗೆ ಡಬ್ಬವೂ ಇಲ್ಲ, ಛಾಪೂ ಇಲ್ಲ. ಅಲ್ಲಿ ಕೆಲಸಗಾರಿಕೆನೇ ಓದ್ಬೇಕು. ಚನ್ನಪಟ್ಟಣದ ಹಳೇ ಪದ್ಧತಿಯಲ್ಲಿ ಹಾಲೆ ಮರದ ತುಂಡನ್ನ ಲೇತಿಗೆ ಹಾಕಿ ತಿರುಗಿಸ್ತಾ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂತ್ಕೊಳ್ಳತ್ತೆ, ಆಮೇಲೆ ತಾಳೆಗರಿಯಲ್ಲಿ ಉಜ್ಜಿ ಹೊಳಪು ಬರಿಸ್ತಾರೆ. ಹಾಗಾಗಿ ಬಣ್ಣ ಸುತ್ತ ಸಮನಾಗಿ ಹರಡಿರತ್ತೆ, ಬ್ರಶ್ಶಿನ ಗೆರೆ, ಬಣ್ಣ ಸೋರಿದ ಗುರುತು ಇರಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಬೇರೆ ತರ, ಅಲ್ಲಿ ಚಿತ್ರಗಾರ ಮನೆತನದವರು ಹಗುರ ಮರದ ತುಂಡುಗಳನ್ನ ಜೋಡಿಸಿ, ಹುಣಸೆ ಬೀಜದ ಅಂಟು ಬಳಸಿ, ಮೇಲೆ ಕಿಟ್ಟ ಅನ್ನೋ ಲೇಪ ಹಚ್ಚಿ ಮೈ ನುಣುಪು ಮಾಡಿ ಬಣ್ಣ ಬರೀತಾರೆ. ಹಳೇದ್ರಲ್ಲಿ ಎಲ್ಲಾದ್ರೂ ಚಕ್ಕೆ ಹೋಗಿದ್ರೆ ಈ ಪದರಗಳು ಕಾಣ್ತವೆ. ನನ್ನ ಕೇಳಿದ್ರೆ ನಮ್ಮೂರಿನ ಕಲೆಕ್ಟರ್‌ಗಳು ಅಮೆರಿಕದ ಕಾರಿನ ಹಿಂದೆ ಓಡೋ ಅರ್ಧ ಉತ್ಸಾಹನಾ ಕಿನ್ನಾಳದ ಹಳೇ ಗೊಂಬೆಗೆ ತೋರಿಸಿದ್ರೆ ಚೆನ್ನಾಗಿರ್ತಿತ್ತು.

3. ಯಾರಿಗೆ ಬೇಕು ಇದು?

ಆಟಿಕೆ ಕೊಳ್ಳೋರು ಹೆಚ್ಚಾಗಿ ತಮ್ಮ ಚಿಕ್ಕಂದಿನ ಆಸೆ ತೀರಿಸ್ಕೊಳ್ಳೋರು, ಆಗ ಅಪ್ಪ ಕೊಡಿಸ್ಲಿಲ್ಲ, ಈಗ ಕೈಯಲ್ಲಿ ಸಂಬಳ ಇದೆ. ಹಾಗಾಗಿ ಎಂಬತ್ತು ತೊಂಬತ್ತರ ದಶಕದ ಸಾಮಾನಿಗೆ ಈಗ ಗಿರಾಕಿ ಜಾಸ್ತಿ, ಅದಕ್ಕಿಂತ ಹಳೇ ಕೆಲವದಕ್ಕೆ ಆಸಕ್ತಿ ಇರೋ ತಲೆಮಾರೇ ಕಮ್ಮಿ ಆಗ್ತಿದೆ.

ನಮ್ಮ ಅಟ್ಟಗಳಲ್ಲಿ ಸಿಗೋ ಕೆಲವು ಸಾಮಾನು ಇಲ್ಲಿಗಿಂತ ಹೊರದೇಶದಲ್ಲಿ ಹೆಚ್ಚು ಬೇಕಾಗಿದೆ ಅನ್ನೋದು ಸುಮಾರು ಜನಕ್ಕೆ ಗೊತ್ತಿಲ್ಲ. ವಿಐಪಿ ಸೂಟ್‌ಕೇಸ್ ಮಾಡ್ತಿದ್ದ ಬ್ಲೋ ಪ್ಲಾಸ್ಟ್ ಕಂಪನಿಯ ಲಿಯೋ ಬ್ರ್ಯಾಂಡಲ್ಲಿ ಹಾಟ್ ವೀಲ್ಸ್ ಮತ್ತು ಬಾರ್ಬಿ ಇಲ್ಲೇ ತಯಾರಾಗ್ತಿದ್ವು, ಲಿಯೋ ಮ್ಯಾಟೆಲ್ ಅಂತ ಕಾರ್ಡಿನ ಮೇಲಿರ್ತಿತ್ತು, ಮ್ಯಾಟೆಲ್ ಅನ್ನೋದು ಇವೆರಡರ ಅಮೆರಿಕದ ಮೂಲ ಕಂಪನಿ. ಇಲ್ಲಿನ ಕಾರುಗಳಿಗೆ ಅಮೆರಿಕದಲ್ಲಿ ಬರದೇ ಇದ್ದ ಬಣ್ಣ ಹೊಡೀತಿದ್ರು, ಅದಕ್ಕೇ ಅಲ್ಲಿಯವ್ರಿಗೆ ಅದರ ಮೇಲೆ ಕಣ್ಣು. ಟೈರಿನ ಎಂಆರ್‌ಎಫ್ ಮತ್ತು ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೋ ಸೇರಿ 1987ರಲ್ಲಿ ಶುರು ಮಾಡಿದ ಫನ್‌ಸ್ಕೂಲಿನ ಜಿ.ಐ. ಜೋ ಅನ್ನೋ ಸೈನಿಕರ ಬೊಂಬೆಗಳದ್ದೂ ಇದೇ ಕತೆ, ಅಲ್ಲಿ ನಿಂತುಹೋಗಿದ್ದ ಅಚ್ಚುಗಳಲ್ಲಿ ಇಲ್ಲಿ ವಿಚಿತ್ರ ವಿಚಿತ್ರ ಬಣ್ಣದಲ್ಲಿ ಬಂದ್ವು. ಇನ್ನೂ ಹಿಂದೆ ಹೋದ್ರೆ ಕಲ್ಕತ್ತಾದ ನಿಕ್ಕಿ ಟಾಯ್ಸ್, ಬ್ರಿಟನ್ನಿನ ಡಿಂಕಿ ಕಾರುಗಳ ಹಳೇ ಅಚ್ಚು ತಂದು ಇಲ್ಲಿ ಎರಕ ಹೊಯ್ದವ್ರು, ಕೆಲವು ಕಾರಿನ ತಳದಲ್ಲಿ ಡಿಂಕಿ ಹೆಸರನ್ನ ಅಳಿಸಿರೋದು ಭೂತಗನ್ನಡಿಯಲ್ಲಿ ಕಾಣತ್ತೆ. ಫಿನಿಶಿಂಗ್ ಒರಟು, ಆ ಒರಟುತನಾನೇ ಈಗ ಅದರ ಗುರುತು.

ತಪ್ಪಾಗಿದ್ದು, ಮಧ್ಯದಲ್ಲಿ ನಿಂತಿದ್ದು, ಹೊರಗೇ ಬರದೇ ಇದ್ದಿದ್ದು ಇವಕ್ಕೆ ಬೆಲೆ ಜಾಸ್ತಿ. 1969ರ ಹಾಟ್ ವೀಲ್ಸ್ ಬೀಚ್ ಬಾಂಬ್ ವ್ಯಾನು ಗೊತ್ತಿರಬಹುದು, ಮೊದಲು ಸರ್ಫಿಂಗ್ ಹಲಗೆಗಳನ್ನ ಹಿಂದಿನಿಂದ ತೂರಿಸೋ ತರ ಮಾಡಿದ್ರು, ಗಾಡಿ ತೀರಾ ಕಿರಿದಾಗಿ ಟ್ರ್ಯಾಕಿನ ಮೇಲೆ ಸರಿಯಾಗಿ ಓಡ್ಲಿಲ್ಲ, ಆಮೇಲೆ ಡಿಸೈನ್ ಬದಲಾಯಿಸಿ ಹಲಗೆಗಳನ್ನ ಪಕ್ಕಕ್ಕೆ ತಂದ್ರು. ಅಂಗಡಿಗೆ ಬಂದಿದ್ದು ಎರಡನೇದು, ಲಕ್ಷ ಡಾಲರ್ ಮೇಲೆ ಬಾಳೋದು ಓಡದೇ ಇದ್ದ ಮೊದಲನೇ ಗುಲಾಬಿ ಬಣ್ಣದ್ದು.

ಇದಕ್ಕೆ ಉಲ್ಟಾ ಉದಾಹರಣೆ ಬೀನಿ ಬೇಬೀಸ್. ತೊಂಬತ್ತರ ದಶಕದ ಕೊನೇಲಿ ಅಮೆರಿಕದ ಜನ ಈ ಬಟ್ಟೆ ಗೊಂಬೆಗಳನ್ನ ಮಕ್ಕಳ ಕೈಗೆ ಕೊಡದೇ, ಚೀಟಿಗೂ ಪ್ಲಾಸ್ಟಿಕ್ ಕವರ್ ಹಾಕಿ, ಮುಂದೆ ಕಾಲೇಜ್ ಫೀಸಿಗಾಗತ್ತೆ ಅಂತ ಕೂಡಿಟ್ರು. ಎಲ್ರೂ ಕೂಡಿಟ್ಟಿದ್ರಿಂದ ಎಲ್ರ ಹತ್ರಾನೂ ಹೊಸದಾಗೇ ಉಳೀತು, ಬೆಲೆ ಬಿದ್ದೋಯ್ತು. ಈಗ ಡಬ್ಬದ ಮೇಲೇ "ಕಲೆಕ್ಟರ್ಸ್ ಎಡಿಷನ್" ಅಂತ ಪ್ರಿಂಟ್ ಮಾಡಿ ಮಾರೋದನ್ನ ಕಂಡ್ರೆ ನನಗೆ ಮೊದ್ಲು ಬರೋದೇ ಅನುಮಾನ.

4. ಸ್ಥಿತಿ ನೋಡೋದು

ಡಬ್ಬ ಇದ್ಯಾ, ಬಿಡಿಭಾಗ ಎಲ್ಲ ಇದ್ಯಾ, ಕೀ ತಿರುಗತ್ತಾ. ಸಣ್ಣ ಗನ್ನು, ಹೆಲ್ಮೆಟ್ಟು, ಬಾರ್ಬಿ ಚಪ್ಪಲಿ ಇಂಥವೇ ಮೊದ್ಲು ಕಳೆದುಹೋಗೋದು, ಹಾಗಾಗಿ ಟ್ರಂಕಿನ ಮೂಲೆಲಿರೋ ಚೂರುಪಾರುನ ಕಸ ಅಂತ ಗುಡಿಸ್ಬೇಡಿ. ಖಾಲಿ ಡಬ್ಬಕ್ಕೂ ಗಿರಾಕಿ ಇದಾರೆ. 1977ರಲ್ಲಿ ಸ್ಟಾರ್ ವಾರ್ಸ್ ಬೊಂಬೆಗಳು ಕ್ರಿಸ್‌ಮಸ್ ಹೊತ್ತಿಗೆ ರೆಡಿ ಆಗದೇ ಕೆನ್ನರ್ ಕಂಪನಿ ಬೊಂಬೆ ಇಲ್ಲದ ಪ್ಯಾಕೆಟ್ಟನ್ನೇ ಮಾರ್ತು, ಒಳಗಿದ್ದಿದ್ದು ಮುಂದೆ ಬೊಂಬೆ ಕಳಿಸ್ತೀವಿ ಅನ್ನೋ ಚೀಟಿ, ಈಗ ಅದನ್ನೂ ಕೂಡಿಡ್ತಾರೆ!

ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ಕಾರಾದ್ರೆ ಬಿರುಕು ನೋಡಿ. ಆಗಿನ ಸತುವಿನ ಮಿಶ್ರಲೋಹದಲ್ಲಿ ಸೀಸ ಬೆರೆತಿದ್ರೆ ಲೋಹ ಒಳಗಿಂದಲೇ ಉಬ್ಬಿ, ಬಿರುಕು ಬಿಟ್ಟು ಪುಡಿಯಾಗತ್ತೆ, ಅದಕ್ಕೆ ಮದ್ದಿಲ್ಲ.

5. ನಕಲಿ ಹಿಡಿಯೋದು

ಹೊಸ ತಗಡಿನ ಆಟಿಕೆಗೆ ಉಪ್ಪುನೀರು ಹಾಕಿ ತುಕ್ಕು ಹಿಡಿಸಿ ಹಳೇದು ಅಂತ ಮಾರೋದು ಸುಲಭ. ನಿಜವಾಗ್ಲೂ ಆಡಿರೋ ಸಾಮಾನಿನ ಸವೆತ ಒಂದೇ ಸಮ ಇರಲ್ಲ, ಕೈ ಹಿಡಿಯೋ ಕಡೆ, ಚಕ್ರದ ಅಂಚು, ಕೀ ಸುತ್ತ ಜಾಸ್ತಿ ಇರತ್ತೆ. ಕೈ ತಾಗದ ಹೊಟ್ಟೆ ಭಾಗದಲ್ಲೂ ಅಷ್ಟೇ ತುಕ್ಕು, ಅಷ್ಟೇ ಗೀಚು ಇದ್ರೆ ಬಿಡಿ. ಡಬ್ಬ ಅನುಮಾನ ಬಂದ್ರೆ ಭೂತಗನ್ನಡಿ ಹಿಡೀರಿ, ಇಂಕ್‌ಜೆಟ್ ಪ್ರಿಂಟಲ್ಲಿ ಚುಕ್ಕೆಗಳು ಅಡ್ಡಾದಿಡ್ಡಿ ಚದುರಿರ್ತವೆ, ಹಳೇ ಪ್ರೆಸ್ಸಿನ ಚುಕ್ಕೆಗಳು ಸಾಲಾಗಿರ್ತವೆ. ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್ಕಿನ ಗೊಂಬೆ ಹೌದೋ ಅಲ್ವೋ ಅಂತ ಬೆಂಕಿ ತಾಗಿಸಿ ನೋಡೋ ಸಾಹಸ ಮಾತ್ರ ಮಾಡ್ಬೇಡಿ, ಭಗ್ ಅಂತ ಹತ್ಕೊಳತ್ತೆ. ಹೆಬ್ಬೆರಳಲ್ಲಿ ಬಿಸಿಯಾಗೋ ತನಕ ಉಜ್ಜಿ ಮೂಸಿದ್ರೆ ಕರ್ಪೂರದ ವಾಸನೆ ಬರತ್ತೆ, ಅದನ್ನ ಮಾಡೋಕೆ ಕರ್ಪೂರನೇ ಬೆರೆಸ್ತಾರೆ.

6. ಬೆಲೆ

ಆನ್‌ಲೈನಲ್ಲಿ ಒಬ್ಬ 80 ಸಾವಿರ ಅಂತ ಹಾಕಿದಾನೆ ಅಂದ್ರೆ ಅದು ಅವನ ಆಸೆ. ಇಬೇಯಲ್ಲಿ ಮಾರಾಟವಾದ ಸಾಮಾನು ಮಾತ್ರ ತೋರಿಸು ಅನ್ನೋ ಫಿಲ್ಟರ್ ಇದೆ, ಅದರಲ್ಲಿ ಬರೋದೇ ಬೆಲೆ. ನಿಮ್ಮದರ ಸ್ಥಿತಿಗೆ ಹೊಂದೋದನ್ನ ಮಾತ್ರ ಹೋಲಿಸಿ, ಡಬ್ಬ ಸಮೇತ ಹೋದ ಬೆಲೆನ ನಿಮ್ಮ ಚಕ್ರ ಇಲ್ಲದ ಕಾರಿಗೆ ಕೇಳಿದ್ರೆ ಯಾರೂ ಫೋನ್ ಎತ್ತಲ್ಲ. ಸಂಡೇ ಬಜಾರಲ್ಲಿ ಒಟ್ಟಿಗೆ ರಾಶಿ ಕೊಡೋ ಮುಂಚೆ ಈ ಕೆಲಸ ಮುಗಿಸ್ಕೊಳ್ಳಿ, ಅಲ್ಲಿ ಕೊಳ್ಳೋರಿಗೆ ಯಾವುದು ಏನು ಅಂತ ಚೆನ್ನಾಗೇ ಗೊತ್ತಿರತ್ತೆ.

7. ಇಡೋದು, ಕೊಡೋದು, ಕಳಿಸೋದು

ನುಸಿಗುಳಿಗೆ ಹಾಕ್ಬೇಡಿ! ಅದರ ಆವಿಗೆ ಕೆಲವು ಪ್ಲಾಸ್ಟಿಕ್, ಅದ್ರಲ್ಲೂ ಪಾಲಿಸ್ಟೈರೀನ್, ಮೆತ್ತಗಾಗಿ ಹಾಳಾಗತ್ತೆ. ಮೆತ್ತನೆ ರಬ್ಬರಿನಂಥ ಟೈರು, ಗೊಂಬೆ ಕೈಕಾಲು ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿಕೊಂಡೇ ವರ್ಷಗಟ್ಲೆ ಇದ್ರೂ ಕರಗಿದ ಕಲೆ ಬೀಳತ್ತೆ, ಮಧ್ಯೆ ತೆಳು ಕಾಗದ ಇಡಿ. ಬಿಸಿಲು ಬೀಳೋ ಶೋಕೇಸ್ ಬೇಡ. ಹಳೇ ಬಣ್ಣದಲ್ಲಿ ಸೀಸ ಇರೋ ಸಾಧ್ಯತೆ ಇರೋದ್ರಿಂದ ಬಾಯಿಗಿಟ್ಕೊಳ್ಳೋ ವಯಸ್ಸಿನ ಮಕ್ಕಳ ಕೈಗೆ ಕೊಡ್ಬೇಡಿ.

ಅಮೆರಿಕದಲ್ಲಿರೋ ಮಗಳಿಗೆ ಮನೆತನದ ಗೊಂಬೆ ಕೊರಿಯರ್ ಮಾಡೋಣ ಅಂತಿದ್ರೆ ಮೊದ್ಲು ವಯಸ್ಸು, ವಸ್ತು ಎರಡೂ ನೋಡಿ. 1972ರ ಪುರಾತನ ವಸ್ತುಗಳ ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುನ ಖಾಸಗಿಯವ್ರು ದೇಶದಾಚೆ ಸಾಗಿಸೋ ಹಾಗಿಲ್ಲ, ಪಟ್ಟದ ಗೊಂಬೆ ರಕ್ತಚಂದನದ್ದಾದ್ರೆ ಆ ಮರಕ್ಕೇ ಬೇರೆ ನಿರ್ಬಂಧ ಇದೆ, ದಂತದ್ದಾದ್ರೆ ಮಾರೋದೂ ಅಪರಾಧ. ಅಷ್ಟು ಹಳೇದಲ್ಲ ಅಂತ ನಿಮಗೆ ಗೊತ್ತಿದ್ರೂ ಕಸ್ಟಮ್ಸ್‌ನವ್ರಿಗೆ ಗೊತ್ತಿರಲ್ಲ, ನೋಡೋಕೆ ಪುರಾತನ ಅನ್ನಿಸೋ ಸಾಮಾನಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯವ್ರು "ಇದು ಪುರಾತನ ವಸ್ತು ಅಲ್ಲ" ಅಂತ ಸರ್ಟಿಫಿಕೇಟ್ ಕೊಡ್ತಾರೆ, ಫೋಟೋ ಸಮೇತ ಅರ್ಜಿ ಹಾಕಿ ಅದನ್ನ ಕೈಯಲ್ಲಿ ಇಟ್ಕೊಂಡೇ ಪಾರ್ಸೆಲ್ ಕಟ್ಟಿ.