ನೀರು ಇಳಿಯೋ ಹೊತ್ತು ನೋಡ್ಕೊಂಡು ಮಕ್ಕಳ ಜೊತೆ ಕುಂದಾಪುರದ ಕಡಲತೀರದಲ್ಲಿ 4 ದಿನ

ಹೋದ ವರ್ಷ ಮೇ ತಿಂಗಳಲ್ಲಿ ಮಕ್ಕಳನ್ನ ಮೊದಲ ಸಲ ಸಮುದ್ರಕ್ಕೆ ಕರ್ಕೊಂಡು ಹೋಗಿದ್ವಿ, ಅದು ಚೆನ್ನಾಗಾಗ್ಲಿಲ್ಲ. ದಾವಣಗೆರೆಯಿಂದ ಬೆಳಗ್ಗೆ ಹೊರಟು ಬೀಚ್ ಮುಟ್ಟೋ ಹೊತ್ತಿಗೆ ಮಧ್ಯಾಹ್ನ 12 ದಾಟಿತ್ತು, ಮರಳು ಕಾವಲಿ ಥರ ಕಾದಿತ್ತು, ಅದೂ ಭರತದ ಹೊತ್ತು, ಅಂದ್ರೆ ಸಮುದ್ರದ ನೀರು ಏರಿರೋ ಹೊತ್ತು, ಅಲೆ ಬಂದು ದಡಕ್ಕೆ ಬಡೀತಿತ್ತು. ಆಗ 4 ವರ್ಷದ ಮಗ ಒಂದೇ ಅಲೆಗೆ ಬಿದ್ದು ಮೂಗಿಗೆಲ್ಲ ಉಪ್ಪುನೀರು ಹೋಗಿ ಆಮೇಲೆ ನೀರಿನ ಹತ್ರ ಹೋಗಕ್ಕೇ ಒಪ್ಪಲಿಲ್ಲ. ಮಗಳಿಗೆ ಬೋಟ್ ರೈಡು ಬಾಳೆಹಣ್ಣು ಬೋಟು ಅಂತ ದುಡ್ಡು ಖರ್ಚು ಮಾಡಿದ್ವಿ, ಐದೈದು ನಿಮಿಷಕ್ಕೆ ಮುಗೀತು, ಇಳಿದ ತಕ್ಷಣ ಈಗ ಏನು ಮಾಡೋದು ಅಂತ ಕೇಳ್ತಿದ್ಲು. ನಂಗೆ ತುಂಬಾ ಬೇಜಾರಾಗಿತ್ತು, ಯಾಕಂದ್ರೆ ನಾನು ಚಿಕ್ಕವಳಿದ್ದಾಗ ಅಜ್ಜಿ ಊರಲ್ಲಿ ಹೊಳೆ ದಂಡೆ ಮೇಲೆ ಇಡೀ ದಿನ ಒಂದು ಪೈಸೆ ಇಲ್ದೆ ಆಡಿದವಳು.

ಈ ಜನವರಿಲಿ ಮತ್ತೆ ಹೋದ್ವಿ, ಕುಂದಾಪುರ ಹತ್ರ ಕೋಡಿಯಲ್ಲಿ ಒಂದು ಮನೇಲಿ ರೂಮ್ ಹಿಡಿದು 4 ದಿನ ಇದ್ವಿ. ಆ ಮನೆಯ ಅಜ್ಜಿ ಮೊದಲ ದಿನವೇ ನೋಡಬೇಕಾದ ಜಾಗಗಳ ನನ್ನ ಲಿಸ್ಟೆಲ್ಲ ಕೇಳಿಸ್ಕೊಂಡು "ಅದೆಲ್ಲ ಆಮೇಲೆ ಕಾಣಿ, ಮೊದಲು ನೀರು ಯಾವಾಗ ಇಳೀತದೆ ನೋಡಿ ಮಕ್ಕಳನ್ನ ಬಿಡಿ" ಅಂದ್ರು. ಈ ಒಂದು ಮಾತಿಗೆ ನಮ್ಮ ಇಡೀ ಟ್ರಿಪ್ ಬದಲಾಯ್ತು.

ಭರತ ಇಳಿತ ದಿನಕ್ಕೆ ಎರಡೆರಡು ಸಲ ಆಗುತ್ತೆ, ಒಂದು ಭರತದಿಂದ ಇನ್ನೊಂದಕ್ಕೆ ಹತ್ತತ್ರ ಹನ್ನೆರಡೂವರೆ ಗಂಟೆ, ಹಾಗಾಗಿ ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ, ಅಷ್ಟಮಿ ಹೊತ್ತಿಗೆ ಎರಡೂ ಕಮ್ಮಿ. ನಾವು ಹೋದಾಗ ಹುಣ್ಣಿಮೆ ಆಗಿ ಎರಡು ದಿನ, ಬೆಳಗ್ಗೆ ಆರೂವರೆ ಏಳಕ್ಕೆಲ್ಲ ನೀರು ದೂರ ಹೋಗಿ ಒದ್ದೆ ಮರಳು ಗಟ್ಟಿಯಾಗಿ ಅಂಗಳದ ಥರ ಬಿದ್ದಿತ್ತು. ಬಿಸಿಲಿಲ್ಲ, ಅಲೆ ಸಣ್ಣದು, ಜನ ಇಲ್ಲ. ಫೋನಲ್ಲಿ ಟೈಡ್ ಟೈಮ್ ಅಂತ ಹುಡುಕಿದ್ರೆ ಆಯಾ ದಿನದ ಹೊತ್ತು ಸಿಗುತ್ತೆ, ನಾನು ದಿನಾ ರಾತ್ರಿ ಅದನ್ನ ನೋಡಿ ಅಲಾರಂ ಇಡ್ತಿದ್ದೆ.

ಮೊದಲ ಬೆಳಗ್ಗೆ ಮಗನಿಗೆ ನೀರಿಗೆ ಬಾ ಅಂತ ನಾನು ಕರೀಲೇ ಇಲ್ಲ. ಅಲ್ಲಿ ಒದ್ದೆ ಮರಳ ತುಂಬ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು, ಸಣ್ಣ ತೂತಿನ ಸುತ್ತ ರಂಗೋಲಿ ಹಾಕಿದ ಹಾಗೆ. ಇದು ಒಂದು ಜಾತಿ ಪುಟ್ಟ ಏಡಿ ಮಾಡೋದು, ಮರಳನ್ನ ಬಾಯಲ್ಲಿ ಸೋಸಿ ಅದರಲ್ಲಿರೋ ಆಹಾರ ತಗೊಂಡು ಉಳಿದಿದ್ದನ್ನ ಉಂಡೆ ಕಟ್ಟಿ ಪಕ್ಕಕ್ಕೆ ಇಡುತ್ತೆ, ಭರತ ಬಂದಾಗ ಎಲ್ಲ ಅಳಿಸಿ ಹೋಗುತ್ತೆ, ಮುಂದಿನ ಇಳಿತಕ್ಕೆ ಮತ್ತೆ ಶುರು. ನಾವು ಅಲುಗಾಡದೆ ಕೂತ್ರೆ ಎರಡು ಮೂರು ನಿಮಿಷದಲ್ಲಿ ಏಡಿ ಹೊರಗೆ ಬರುತ್ತೆ, ಒಂದು ಹೆಜ್ಜೆ ಇಟ್ರೆ ಮಾಯ. ಮನೇಲಿ ಊಟಕ್ಕೂ ಕೂತಲ್ಲಿ ಕೂರದ ನನ್ನ ಮಗ ಅವತ್ತು ಕುಕ್ಕರುಗಾಲಲ್ಲಿ ಅರ್ಧ ಗಂಟೆ ಉಸಿರು ಬಿಗಿಹಿಡಿದು ಕೂತಿದ್ದ. ಏಡಿ ಹಿಂದೆ ಹೋಗ್ತಾ ಹೋಗ್ತಾ ಅವನಿಗೇ ಗೊತ್ತಾಗದೆ ಪಾದ ಮುಳುಗೋ ನೀರಿಗೆ ಬಂದಿದ್ದ, ನಾನು ಏನೂ ಹೇಳಲಿಲ್ಲ ಪಕ್ಕದಲ್ಲಿ ನಿಂತ್ಕೊಂಡೆ ಅಷ್ಟೇ.

ಮಗಳಿಗೆ 9 ವರ್ಷ, ಅವಳಿಗೆ ಲೆಕ್ಕದ ಆಟ ಬೇಕು. ತೆಂಗಿನ ಗರಿಯ ಕಡ್ಡಿ ತಗೊಂಡು ಅಲೆ ಮುಟ್ಟಿದ ಜಾಗಕ್ಕೆ ಒಂದು ಚುಚ್ಚು, 15 ನಿಮಿಷ ಬಿಟ್ಟು ಇನ್ನೊಂದು ಚುಚ್ಚು ಅಂದೆ. ಒಂದೂವರೆ ಗಂಟೇಲಿ ಏಳು ಕಡ್ಡಿ ನಿಂತ್ವು, ನಡುವಿನ ಅಂತರ ಹೆಜ್ಜೆಲಿ ಅಳೆದು ಪುಸ್ತಕದಲ್ಲಿ ಬರ್ಕೊಂಡ್ಲು, ನೀರು ತಿರುಗಿ ಏರೋದಕ್ಕೆ ಶುರು ಮಾಡಿದಾಗ ಮೊದಲು ನಿಧಾನ ಆಮೇಲೆ ಜೋರು ಅನ್ನೋದನ್ನ ಅವಳೇ ಕಂಡ್ಕೊಂಡ್ಲು. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ಚಂದ್ರ ಎಳೆಯೋ ವಿಷ್ಯ ರಾತ್ರಿ ಜಗಲಿ ಮೇಲೆ ಕೂತು ಹೇಳಿದ್ವಿ, ಎದುರಿಗೇ ಚಂದ್ರ ಇದ್ದ.

ಮರಳಿನ ಕೋಟೆಗೆ ಒಂದು ಮಾತು. ಒಣ ಮರಳು ನಿಲ್ಲಲ್ಲ, ತೀರಾ ನೀರಾದ್ರೂ ಜಾರುತ್ತೆ, ಹಿಡಿಲಿ ಒತ್ತಿದ್ರೆ ಉಂಡೆ ಆಗಬೇಕು ಆದ್ರೆ ನೀರು ತೊಟ್ಟಿಕ್ಕಬಾರದು, ಅಷ್ಟು ಹದ. ಪೇಟೆ ಸೆಟ್ ಬೇಡ, ಮೊಸರಿನ ಡಬ್ಬಿ, ಲೋಟ, ಹಳೇ ಸೌಟು ತಗೊಂಡು ಹೋಗಿದ್ವಿ, ಸಾಕಾಯ್ತು. ಆದ್ರೆ ಗುಂಡಿ ತೋಡೋದು ಮಗುವಿನ ಮೊಣಕಾಲಿಗಿಂತ ಆಳ ಬೇಡವೇ ಬೇಡ, ಪಕ್ಕದ ಮರಳು ಒಮ್ಮೆಲೇ ಕುಸಿದು ಮಕ್ಕಳು ಸಿಕ್ಕಿಹಾಕ್ಕೊಳ್ತಾರೆ, ಇದನ್ನ ತುಂಬಾ ಜನ ಲೆಕ್ಕಕ್ಕೇ ತಗೊಳ್ಳಲ್ಲ. ಎದ್ದು ಬರೋವಾಗ ಗುಂಡಿ ಮುಚ್ಚಿ ಬನ್ನಿ, ರಾತ್ರಿ ಮೊಟ್ಟೆ ಇಡೋಕೆ ಬರೋ ಕಡಲಾಮೆಗೆ ಅದು ಬಲೆ ಆಗುತ್ತೆ. ಆ ಕರಾವಳಿಗೆ ಆಲಿವ್ ರಿಡ್ಲೆ ಆಮೆಗಳು ಚಳಿಗಾಲದಲ್ಲಿ ಬರ್ತವೆ, ಒಂದು ಗೂಡಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಹೊರಗೆ ಬರಕ್ಕೆ 45ರಿಂದ 60 ದಿನ. ಬೇಲಿ ಹಾಕಿದ್ದ ಒಂದು ಗೂಡನ್ನ ದೂರದಿಂದ ತೋರಿಸಿದ್ದಕ್ಕೆ ಮಗ ಆಮೇಲಿಂದ ಅಲ್ಲಿ ಪಿಸುಮಾತಲ್ಲೇ ಮಾತಾಡ್ತಿದ್ದ.

ಎರಡನೇ ದಿನ ಕೈರಂಪಣಿ ಬಲೆ ಎಳೆಯೋದು ನೋಡಕ್ಕೆ ಸಿಕ್ತು, ಇದನ್ನ ನೋಡಲೇಬೇಕು. ದೋಣಿಯವರು ಬಲೆಯನ್ನ ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರ್ತಾರೆ, ಎರಡೂ ತುದಿಯ ಹಗ್ಗ ದಡದಲ್ಲಿ, ಸಾಲಾಗಿ ನಿಂತು ಜನ ಎಳೀತಾರೆ. ಕೇಳಿದ್ದಕ್ಕೆ ಒಬ್ರು "ಬಾ ಮಗಾ, ಹಿಡಿ" ಅಂತ ಮಗಳಿಗೆ ಹಗ್ಗದ ಬಾಲ ಕೊಟ್ರು, ಅಂಗೈ ಕೆಂಪಾಗೋವರೆಗೂ ಎಳೆದ್ಲು. ಬಂಗುಡೆ, ಬೂತಾಯಿ, ಒಂದಷ್ಟು ಏಡಿ, ಜೊತೆಗೆ ಪ್ಲಾಸ್ಟಿಕ್ ಕೂಡ. ನಾವು ಮೀನು ತಿನ್ನೋರಲ್ಲ, ಆದ್ರೂ ಮಕ್ಕಳು ಮೀನನ್ನ ಹೆಸರು ಹಿಡಿದು ಗುರುತಿಸೋದು ಕಲಿತ್ರು, ನಂಗೆ ಅದು ಖುಷಿ.

ಬಿಸಿಲು ಹತ್ತು ಗಂಟೆಗೆ ಚುರುಕಾಗುತ್ತೆ, ಆಗ ವಾಪಸ್. ಸ್ನಾನ, ಬನ್ಸು, ಗಂಜಿ ಊಟ, ನಿದ್ದೆ, ನಾಲ್ಕರವರೆಗೆ ಸಮುದ್ರದ ಹೆಸರೇ ಎತ್ತಲಿಲ್ಲ. ಒಂದು ಮಧ್ಯಾಹ್ನದ ಮೇಲೆ ಸಾಲಿಗ್ರಾಮ ಹತ್ರ ಪಾರಂಪಳ್ಳಿಲಿ ಸೀತಾನದಿ ಹಿನ್ನೀರಲ್ಲಿ ನಮ್ಮನೆಯವರು ಮಗಳನ್ನ ಕಯಾಕಿಂಗಿಗೆ ಕರ್ಕೊಂಡು ಹೋದ್ರು, ಲೈಫ್ ಜಾಕೆಟ್ ಹಾಕ್ಕೊಂಡು ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಮರಗಳ ಸಂದೀಲಿ. ಅಲೆ ಇಲ್ಲದ ನೀರು, ಸಮುದ್ರಕ್ಕಿಂತ ಮಕ್ಕಳಿಗೆ ಅದೇ ವಾಸಿ.

ಮೂರನೇ ದಿನ ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಲ್ಲು ಕಂಬಗಳು ಲಾವಾ ತಣ್ಣಗಾಗಿ ಸೀಳಿ ಆಗಿದ್ದು, ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆ ಆಗ್ತಿದ್ದ ಕಾಲದ್ದು. ಇದನ್ನೆಲ್ಲ ಭಾಷಣ ಮಾಡಿದ್ರೆ ಮಕ್ಕಳು ಕೇಳಲ್ಲ, ಒಂದೊಂದು ಕಂಬಕ್ಕೆ ಎಷ್ಟು ಮೂಲೆ ಎಣಿಸಿ ಅಂದೆ ಅಷ್ಟೇ, ಐದು ಆರು ಏಳು ಅಂತ ಇಬ್ರೂ ಓಡಾಡಿದ್ರು. ಅಲ್ಲಿ ಈಜು ಬೇಡ, ಕಲ್ಲು ಚೂಪು. ಮಳೆಗಾಲದಲ್ಲಿ ಬೋಟ್ ಇರಲ್ಲ. ಕಾಪು ದೀಪಸ್ತಂಭ, 1901ರದ್ದು, ಸಂಜೆ ಹೊತ್ತಲ್ಲಿ ಹತ್ತಬಹುದು, ಮೇಲೆ ಗಾಳಿ ಜೋರು, ಚಿಕ್ಕವರ ಕೈ ಬಿಡಬೇಡಿ. ಮರವಂತೆಲಿ ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ, ಕಾರು ನಿಲ್ಲಿಸಿ ನೋಡಕ್ಕೆ ಚೆಂದ, ಆದ್ರೆ ಮಕ್ಕಳನ್ನ ನೀರಿಗೆ ಬಿಡೋ ಜಾಗ ಅಲ್ಲ. ಟಾಯ್ಲೆಟ್, ಸ್ನಾನದ ವ್ಯವಸ್ಥೆ ಚೆನ್ನಾಗಿರಬೇಕು ಅನ್ನೋರಿಗೆ ಪಡುಬಿದ್ರಿ ಒಳ್ಳೇದು, ಸ್ವಚ್ಛತೆ, ಸುರಕ್ಷತೆ ನೋಡಿ ಬೀಚುಗಳಿಗೆ ಕೊಡೋ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕಿದ ಬೀಚು ಅದು.

ನೀರಲ್ಲಿ ನಾವು ಇಟ್ಕೊಂಡ ನಿಯಮ, ಮಗುವಿನ ಮೊಣಕಾಲು ದಾಟಬಾರದು, ಒಂದು ಮಗುವಿಗೆ ಒಬ್ಬರು ದೊಡ್ಡವರು ಕೈಗೆ ಸಿಗೋ ದೂರದಲ್ಲಿ, ಆ ಹೊತ್ತಲ್ಲಿ ಫೋನ್ ಬ್ಯಾಗಲ್ಲಿ. ಎರಡೂ ಕಡೆ ಅಲೆ ಒಡೀತಾ ನಡುವೆ ಮಾತ್ರ ಶಾಂತವಾಗಿ ಕಪ್ಪಗೆ ಕಾಣೋ ಜಾಗ ಇದ್ರೆ ಅಲ್ಲಿ ಇಳೀಬೇಡಿ, ದಡದ ನೀರು ಒಳಕ್ಕೆ ಎಳ್ಕೊಂಡು ಹೋಗೋ ದಾರಿ ಅದು. ಬಟ್ಟೆ ಕಿತ್ತಳೆ ಅಥವಾ ಗಿಳಿಹಸಿರು ಹಾಕಿಸಿ, ನೀಲಿ ಬಣ್ಣ ನೀರಲ್ಲಿ ಕಾಣೋದೇ ಇಲ್ಲ. ಕಾಲಿಗೆ ಅಂಟಿದ ಮರಳಿಗೆ ಕಾಲು ಒಣಗಿದ ಮೇಲೆ ಪೌಡರ್ ಹಾಕಿ ಉಜ್ಜಿ, ಉದುರಿ ಹೋಗುತ್ತೆ, ಕಾರು ಉಳಿಯುತ್ತೆ.

ಕೊನೇ ಬೆಳಗ್ಗೆ ಮಗಳು ಒಂದು ಡಬ್ಬಿ ಶಂಖ ಚಿಪ್ಪು ಆರಿಸಿದ್ಲು. ಒಂದರಿಂದ ಸನ್ಯಾಸಿ ಏಡಿ ಕಾಲು ಹೊರಗೆ ಹಾಕಿತು. ಖಾಲಿ ಶಂಖವೇ ಅದಕ್ಕೆ ಮನೆ, ಬೆಳೆದ ಹಾಗೆ ದೊಡ್ಡ ಶಂಖ ಹುಡುಕ್ಕೊಂಡು ಹೋಗುತ್ತೆ ಅಂದಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಡೆದ ಚಿಪ್ಪು ಮಾತ್ರ ಇಟ್ಕೊಂಡು ಉಳಿದಿದ್ದನ್ನ ನೀರಂಚಲ್ಲಿ ಸುರಿದು ಬಂದ್ಲು.

ಶಿವರಾತ್ರಿ ರಜೆಗೆ ಮತ್ತೆ ಹೋಗೋಣ ಅಂತ ನಮ್ಮನೆಯವರು ಹೇಳಿದ್ರು. ಮಗಳು ಕ್ಯಾಲೆಂಡರ್ ನೋಡಿ, ಅದು ಅಮಾವಾಸ್ಯೆ ಹಿಂದಿನ ದಿನ ಅಪ್ಪಾ, ಇಳಿತ ಕತ್ತಲಲ್ಲೇ ಆಗೋಗುತ್ತೆ, ಎರಡು ಮೂರು ದಿನ ಬಿಟ್ಟು ಹೋಗೋಣ ಅಂದ್ಲು. ಹಾಗೇ ರೂಮಿಗೆ ಹೇಳಿದೀವಿ.