ಕಮೋಡ್ ಬದಲಿಸದೆ ಫ್ಲಷ್ ಸರಿ ಮಾಡಿದ್ದು: ನನ್ನ ಅನುಭವ

ಮಹಡಿ ಮನೆಯ ಕಮೋಡ್‌ನಲ್ಲಿ ಫ್ಲಷ್ ಒತ್ತಿದರೆ ನೀರು ಸುತ್ತಲೂ ಇಳಿಯುತ್ತಿರಲಿಲ್ಲ. ಹಿಂದುಗಡೆಯಿಂದ ಸ್ವಲ್ಪ ಬರುತ್ತಿತ್ತು, ಅಷ್ಟೇ. ಎರಡು ಮೂರು ಸಲ ಒತ್ತಬೇಕಿತ್ತು. ನೋಡಿದ ಪ್ಲಂಬರ್‌ಗಳೆಲ್ಲ ಒಂದೇ ಮಾತು: "ಕಮೋಡ್ ಹೋಯ್ತು ಸಾರ್, ಲೈನೂ ಕಟ್ಟಿರ್ಬೇಕು, ಟೈಲ್ಸ್ ಒಡೆದು ಹೊಸದು ಕೂರಿಸೋಣ." ಕೂಲಿ, ಸಾಮಾನು ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಹೇಳಿದರು. ಒಂದು ಬಿರುಕೂ ಇಲ್ಲದ ಕಮೋಡ್! ನಾನೇ ಸರಿ ಮಾಡುತ್ತೇನೆ ಅಂದಾಗ ನಮ್ಮ ಭಾವಮೈದ ಬಿದ್ದು ಬಿದ್ದು ನಕ್ಕ.

ಲೈನ್, ಅಂದರೆ ಹೊರಗೆ ಹೋಗುವ ಪೈಪ್, ಕಟ್ಟಿಕೊಂಡಿಲ್ಲ ಅನ್ನುವುದು ನನಗೆ ಖಾತ್ರಿಯಿತ್ತು. ಒಂದು ಬಕೆಟ್ ನೀರು ಒಮ್ಮೆಗೇ ಸುರಿದರೆ ಗಳಕ್ಕನೆ ಇಳಿದು ಹೋಗುತ್ತಿತ್ತು. ಅಂದಮೇಲೆ ತೊಂದರೆ ನೀರು ಹೋಗುವ ಕಡೆ ಅಲ್ಲ, ಬರುವ ಕಡೆ. ಅಂಚಿನ ಕೆಳಗೆ ಕನ್ನಡಿ ಹಿಡಿದು ಮೊಬೈಲ್ ಟಾರ್ಚ್ ಬಿಟ್ಟೆ. ಫ್ಲಷ್ ನೀರು ಇಳಿಯುವ ತೂತುಗಳಲ್ಲಿ ಮುಕ್ಕಾಲು ಪಾಲು ಬಿಳಿ ಹರಳು ಕಟ್ಟಿ ಮುಚ್ಚಿದ್ದವು. ಬೆಂಗಳೂರಿನ ಹೊರವಲಯದಲ್ಲಿ ನಮಗೆ ಬೋರ್‌ವೆಲ್ ನೀರೇ ಗತಿ. ಕಾವೇರಿ ನೀರಿನ ಯೋಜನೆಯ 5ನೇ ಹಂತ 2024ರಲ್ಲಿ ಶುರುವಾಯಿತು, ನಮ್ಮ ಬೀದಿಗೆ ಪೈಪ್ ಬಂದಿದೆ, ನೀರು ಬಂದಿಲ್ಲ. ಕುಡಿಯುವ ನೀರಿನ ಗಡಸುತನಕ್ಕೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಬಿಟ್ಟಿರುವ ಕೊನೆಯ ಮಿತಿ ಲೀಟರಿಗೆ 600 ಮಿಲಿಗ್ರಾಂ. ನಮ್ಮದು ಅದನ್ನೂ ದಾಟಿದೆ, ಹರಳು ಕಟ್ಟುವುದು ಅದಕ್ಕೇ.

ಮೊದಲು ತಂತಿ ಹಾಕಿ ಕೆದಕಿದೆ. ತೂತು ಬಿಡುತ್ತದೆ, ಒಳಗಿನ ಹರಳು ಹಾಗೇ ಕೂತಿರುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಟಾಯ್ಲೆಟ್ ಕ್ಲೀನರ್ ಬಾಟಲಿಗಟ್ಟಲೆ ಸುರಿದೆ. ಅದು ನಿಲ್ಲದೆ ಜಾರಿ ಕೆಳಗೆ ಹೋಗುತ್ತದೆ, ಏನು ಪ್ರಯೋಜನ? ವಿನೆಗರ್‌ಗೆ ಮುನ್ನೂರು ನಾನೂರು ಹೋಯಿತು, ಮನೆಯೆಲ್ಲ ಉಪ್ಪಿನಕಾಯಿ ವಾಸನೆ. ಸುಮ್ನೆ ನೋಡೋಣ ಅಂತ ಹುಣಸೆ ರಸವನ್ನೂ ಹಾಕಿದೆ. ಹಿತ್ತಾಳೆ ನಲ್ಲಿ ಫಳಫಳ ಅಂದಿತು, ಹರಳು ಕದಲಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಆಸಿಡ್ ಮಾತ್ರ ಮುಟ್ಟಲಿಲ್ಲ. ಅದರ ಹೊಗೆ ನಲ್ಲಿಗಳ ಹೊಳಪು ತೆಗೆಯುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರಂತೂ ಕ್ಲೋರಿನ್, ಜೀವಕ್ಕೇ ಕುತ್ತು.

ಕೊನೆಗೆ ಕೆಲಸ ಮಾಡಿದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ. ಕಿಲೋಗೆ ಇನ್ನೂರರ ಆಸುಪಾಸು. ಲೀಟರಿಗೆ ಕಾಲು ಕಿಲೋ ಲೆಕ್ಕದಲ್ಲಿ ಕಲಸಿದೆ. ನೀರು ಸ್ನಾನಕ್ಕೆ ಬೇಕಾದಷ್ಟು ಬಿಸಿ ಸಾಕು, ಕುದಿಯುವ ನೀರು ಹಾಕಿದರೆ ಪಿಂಗಾಣಿ ಬಿರುಕು ಬಿಟ್ಟೀತು. ಫ್ಲಷ್ ಟ್ಯಾಂಕಿಗೆ ಸುರಿಯಬೇಡಿ, ಸುಮ್ನೆ ದಂಡ. ಅದರೊಳಗೆ ಹೆಚ್ಚಾದ ನೀರು ಇಳಿಯಲು ಇರುವ ಓವರ್‌ಫ್ಲೋ ಪೈಪಿಗೆ ಲಾಳಿಕೆ ಇಟ್ಟು ಬಿಟ್ಟರೆ ನೇರ ಅಂಚಿನೊಳಗೆ ಹೋಗುತ್ತದೆ. ಆದರೆ ಅಲ್ಲಿ ನಿಲ್ಲಬೇಕಲ್ವಾ? ಕೆಳಗಿನ ತೂತುಗಳನ್ನು ಮುಚ್ಚಲೇಬೇಕು. ಚಪಾತಿ ಹಿಟ್ಟು ಮೆತ್ತಿದೆ, ನೆನೆದು ಕಳಚಿ ಬಿತ್ತು. ಸಣ್ಣ ತೂತುಗಳಿಗೆ ಮೇಣದ ಉಂಡೆ ಚೆನ್ನಾಗಿ ಕೂರುತ್ತದೆ, ಜಾಗ ಒಣಗಿರಬೇಕು ಅಷ್ಟೇ. ಹಿಂದಿನ ದೊಡ್ಡ ಬಾಯಿಗೆ ನಾನು ಏನು ತುರುಕಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ತಲೆ ಓಡಿಸಿ, ಮನೆಯಲ್ಲೇ ಸಿಗುವ ವಸ್ತು.

ಹಾಕಿದ ತಕ್ಷಣ ಒಳಗಿನಿಂದ ಬುಸಬುಸ ಸದ್ದು. ಒಂದೆರಡು ಗಂಟೆಗೆ ಅದು ನಿಲ್ಲುತ್ತದೆ. ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ನಿಂಬೆ ಉಪ್ಪಿನ ರಸದ ಕಸುವು ಮುಗಿದಿರುತ್ತದೆ. ಒಳಗೆ ಬಿಳಿ ರಾಡಿಯೂ ಕೂರುತ್ತದೆ. ಎಲ್ಲ ತೆಗೆದು, ಬಕೆಟ್‌ನಲ್ಲಿ ತೊಳೆದು, ಹೊಸದು ಹಾಕಬೇಕು. ಹಾಗೆ ಬದಲಿಸುತ್ತಾ ಹೋದೆ. ಸುಮಾರು ಎರಡು ಕಿಲೋ ಹಿಡಿಯಿತು. ಮೇಣ, ಲಾಳಿಕೆ ಎಲ್ಲ ಸೇರಿ ಐನೂರು ದಾಟಲಿಲ್ಲ. ಈಗ ಒಂದೇ ಒತ್ತಿಗೆ ಸಾಫ್. ಭಾವಮೈದ ತನ್ನ ಮನೆಗೂ ಕರೆದಿದ್ದಾನೆ.

ಉಳಿದ ರಸದಲ್ಲಿ ಶವರ್ ಮುಳುಗಿಸಿದೆ, ಅರ್ಧ ಗಂಟೆಗೆ ತೂತೆಲ್ಲ ಬಿಟ್ಟವು. ಟ್ಯಾಂಕಿನಿಂದ ಕಮೋಡ್‌ಗೆ ನೀರು ಜಿನುಗುವುದನ್ನೂ ಅದೇ ದಿನ ನೋಡಿದೆ. ಕೇಸರಿಬಾತ್‌ಗೆ ಹಾಕುವ ಬಣ್ಣ ಟ್ಯಾಂಕಿಗೆ ಹಾಕಿ, ಫ್ಲಷ್ ಮಾಡದೆ ಅರ್ಧ ಗಂಟೆ ಬಿಟ್ಟೆ. ಕಮೋಡ್‌ನಲ್ಲಿ ಬಣ್ಣ ಇಳಿದಿತ್ತು. ಟ್ಯಾಂಕಿನ ವಾಷರ್ ತೆಗೆದು, ಹರಳು ತೊಳೆದು, ತಿರುಗಿಸಿ ಹಾಕಿದೆ, ನಿಂತಿದೆ. ಮತ್ತೆ ಜಿನುಗಿದರೆ ಹೊಸದು ತರುತ್ತೇನೆ, ಐವತ್ತು ರೂಪಾಯಿಯ ಮಾಲು.