ಪ್ರೀಕ್ವೆಲ್ ಮೊದಲು, ಹಳೇದು ಆಮೇಲೆ: ಮಹಡಿ ಮೇಲಿನ ಸ್ಟಾರ್ ಟ್ರೆಕ್

ಅಂತರಿಕ್ಷ ಹಡಗುಗಳ ಕಥೆ ಹೇಳುವ ಅಮೆರಿಕದ ಟಿವಿ ಸರಣಿ ಸ್ಟಾರ್ ಟ್ರೆಕ್‌ನ ಗಂಧಗಾಳಿ ಇಲ್ಲದವರಿಗೆ ಪ್ರೀಕ್ವೆಲ್‌ನಿಂದ (ಆಮೇಲೆ ಬಂದರೂ ಹಿಂದಿನ ಕಾಲದ ಕಥೆ ಹೇಳುವ ಸರಣಿಯಿಂದ) ಶುರು ಮಾಡಿಸಬಾರದು ಅಂತ ನನಗೆ ಬುದ್ಧಿ ಹೇಳದವರಿಲ್ಲ. 1966ರಿಂದ ಬಂದ ಕ್ರಮದಲ್ಲೇ ತೋರಿಸು, ಇಲ್ಲಾಂದ್ರೆ ಸುಮ್ನಿರು ಅನ್ನೋದು ಅವರ ವಾದ. ಈಗ ಬಸವನಗುಡಿಯ ನಮ್ಮ ಮಹಡಿ ರೂಮಿನಲ್ಲಿ ಶನಿವಾರ ಸಂಜೆ ಹದಿನೈದು ಜನಕ್ಕೆ ಕಮ್ಮಿ ಇರಲ್ಲ. ಅವರಲ್ಲಿ ಮುಕ್ಕಾಲು ಪಾಲು ಒಂದು ಕಾಲದಲ್ಲಿ 1966ರ ಸರಣಿಯ ಸ್ಪಾಕ್ ಅಂದ್ರೆ ಯಾರು ಅಂತ ಕೇಳಿದವರು. ಅವರನ್ನೆಲ್ಲ ನಾನು ಕೂರಿಸಿದ್ದು ಪ್ರೀಕ್ವೆಲ್‌ನಿಂದಲೇ. ಅದೂ ಎಲ್ಲರೂ ಮೂಗು ಮುರಿಯುವ ‘ಎಂಟರ್‌ಪ್ರೈಸ್’ನಿಂದ. ಅದರಲ್ಲೂ, ಒಂದು ಎಪಿಸೋಡ್ ಬಿಟ್ಟರೆ, ನಾಲ್ಕನೇ ಸೀಸನ್‌ನ ಕೊನೆ ಭಾಗದಿಂದ. ಹೀಗೆ ಮನೆಯಲ್ಲಿ ಪ್ರೊಜೆಕ್ಟರ್ ಹಾಕಿ ಗೆಳೆಯರನ್ನು ಕೂರಿಸುವವರು ಊರಲ್ಲಿ ಇನ್ನೂ ಕೆಲವರು ಇದ್ದೀರಿ, ಅವರಿಗೋಸ್ಕರ ಬರೆಯುತ್ತಿದ್ದೇನೆ.

ಮೊದಲ ಸಲ ಹೋಗಿದ್ದು ಕಥೆಯ ಇಸವಿ ಹಿಡಿದುಕೊಂಡು. 2151ರಲ್ಲಿ ‘ಎಂಟರ್‌ಪ್ರೈಸ್’ನ ಕ್ಯಾಪ್ಟನ್ ಆರ್ಚರ್ ಹೊರಡುತ್ತಾನೆ, ನೂರು ವರ್ಷದ ಮೇಲೆ ಕ್ಯಾಪ್ಟನ್ ಪೈಕ್, ಆಮೇಲೆ 1966ರ ಸರಣಿಯ ಕ್ಯಾಪ್ಟನ್ ಕರ್ಕ್. ಕಾಗದದ ಮೇಲೆ ಬಹಳ ಚೆಂದ ಕಾಣುತ್ತದೆ. ಆದರೆ 2001ರಲ್ಲಿ ಶುರುವಾದ ಆ ಸರಣಿಯ ಮೊದಲೆರಡು ಸೀಸನ್ ಎಷ್ಟು ಸಪ್ಪೆ ಅಂತ ನೋಡಿದವರಿಗೇ ಗೊತ್ತು. ಟೈಟಲ್ ಹಾಡು ಬಂದ ಕೂಡಲೇ ಜನ ಕಾಫಿಗೆ ಏಳುತ್ತಿದ್ದರು, ಎದ್ದವರಲ್ಲಿ ಅರ್ಧ ಜನ ವಾಪಸ್ ಬರುತ್ತಿರಲಿಲ್ಲ. ಮೊದಲ ಸೀಸನ್ ಅರ್ಧ ಮುಗಿಯೋಷ್ಟರಲ್ಲಿ ಉಳಿದಿದ್ದು ನಾನು, ನನ್ನ ಭಾವಮೈದ, ಕೆಳಗಿನ ಮನೆ ರಾಯರು. ರಾಯರು ಬರುತ್ತಿದ್ದದ್ದು ನಿಪ್ಪಟ್ಟಿಗೆ ಅಂತ ನನಗೆ ಈಗಲೂ ಅನುಮಾನ.

ಕಾರಣ ಸುಲಭ. ಮುಂದೇನಾಗುತ್ತೆ ಅಂತ ನೋಡುವವನಿಗೆ ಗೊತ್ತಿರಬೇಕು, ಹಡಗಿನಲ್ಲಿ ಇರುವವನಿಗೆ ಗೊತ್ತಿರಬಾರದು, ಪ್ರೀಕ್ವೆಲ್‌ನ ಮಜಾ ಇರೋದೇ ಅಲ್ಲಿ. 2025ರಲ್ಲಿ ಕಾಂತಾರದ ಹಿಂದಿನ ಕಥೆ ಬಂದಾಗ ಹೋದವರು ಬಹಳಷ್ಟು ಜನ 2022ರದ್ದನ್ನು ನೋಡಿಯೇ ಹೋಗಿದ್ದರು. ನಮ್ಮ ಮಹಡಿಯಲ್ಲಿ ಇದ್ದವರಿಗೆ ಹಿಂದೂ ಗೊತ್ತಿಲ್ಲ, ಮುಂದೂ ಗೊತ್ತಿಲ್ಲ. ಅನ್ಯಗ್ರಹದ, ನೀಲಿ ಬಣ್ಣದ ಆಂಡೋರಿಯನ್ ಶ್ರಾನ್ ಮೊದಲ ಸಲ ಬಂದಾಗ ನಾನೊಬ್ಬನೇ ಚಪ್ಪಾಳೆ ಹೊಡೆದೆ.

ಎರಡನೇ ಸಲ ಮಲ್ಲೇಶ್ವರದ ಗೆಳೆಯನ ಮಾತು ಕೇಳಿ 1966ರಿಂದ ಹೋದೆ. ಇದು ಇನ್ನೂ ಬೇಗ ಮುಳುಗಿತು. ಬಂದಿದ್ದ ಹುಡುಗರು ಕೆಟ್ಟವರಲ್ಲ, ಆದರೆ ‘ಅರೀನಾ’ ಎಪಿಸೋಡಿನಲ್ಲಿ ರಬ್ಬರ್ ಅಂಗಿಯ, ಹಲ್ಲಿ ರೂಪದ ಗಾರ್ನ್ ಬಂದು ಕರ್ಕ್ ಮೇಲೆ ಬಂಡೆ ಎತ್ತಿ ಹಾಕಿದಾಗ ನಗು ತಡೆಯೋಕೆ ಆಗದೆ ಒಬ್ಬ ಕೆಳಗಿಳಿದೇ ಹೋದ. ಒಂದು ಸಲ ನಗೋಕೆ ಶುರು ಮಾಡಿದರೆ ಮುಗೀತು. ಆಮೇಲೆ ಎಷ್ಟೇ ಒಳ್ಳೆ ಕಥೆ ಬಂದರೂ ಅವರು ಕಾಯುತ್ತಿದ್ದದ್ದು ಮುಂದಿನ ರಬ್ಬರ್ ಅಂಗಿಗೆ.

ಅಷ್ಟು ಹೊತ್ತಿಗೆ ದುಡ್ಡು ಚೆನ್ನಾಗಿಯೇ ಕರಗಿತ್ತು. ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ಸುಮಾರು ಹದಿನಾಲ್ಕು ಸಾವಿರ. ನಾಲ್ಕೈದು ತಿಂಗಳಿಗೆ ಲ್ಯಾಂಪ್ ಹೋಯಿತು, ಅದಕ್ಕೆ ಮತ್ತೆ ಐದು ಸಾವಿರದ ಹತ್ತಿರ. ಒಟಿಟಿಯಲ್ಲಿ ಇವತ್ತು ಇದ್ದದ್ದು ನಾಳೆ ಇರಲ್ಲ, ಅದಕ್ಕೇ ನಾನು ಡಿಸ್ಕ್ ಹುಡುಕಿಕೊಂಡು ಹೋದವನು. ಅಮೆರಿಕದಿಂದ ಬರುವ ಪರಿಚಯದವರ ಸೂಟ್‌ಕೇಸಿನಲ್ಲಿ ಡಿವಿಡಿ ಸೆಟ್ ತರಿಸಿದೆ. ಡಿವಿಡಿಗೆ ದೇಶವಾರು ಬೀಗ ಇರುತ್ತೆ, ಅಲ್ಲಿಯದು ರೀಜನ್ 1, ನಮ್ಮದು 5. ಪ್ಲೇಯರ್ ಬಾಯಿ ಬಿಡಲಿಲ್ಲ. ಮತ್ತೆ ಅದೇ ಎಸ್‌ಪಿ ರೋಡು. ಒಬ್ಬ ಹುಡುಗ ರಿಮೋಟಿನಲ್ಲಿ ಏನೋ ನಾಲ್ಕು ಬಟನ್ ಒತ್ತಿ ಸರಿ ಮಾಡಿ ಮುನ್ನೂರು ರೂಪಾಯಿ ತಗೊಂಡ. ಯಾವ ಬಟನ್ ಅಂತ ಮಾತ್ರ ತೋರಿಸಲಿಲ್ಲ. ವಾರಕ್ಕೆ ತಿಂಡಿ, ಕಾಫಿ ಅಂತ ಐನೂರು ಬೇರೆ. ತಲೆಗೆ ಐವತ್ತು ರೂಪಾಯಿ ಹಾಕೋಣ ಅಂತ ಮಾತಾಗಿದೆ, ಕೊಡುವವರು ಯಾವಾಗಲೂ ಅದೇ ಆರು ಜನ.

ಈಗ ವಿಷಯಕ್ಕೆ ಬರ್ತೀನಿ. ಎಂಟರ್‌ಪ್ರೈಸ್‌ನ ನಾಲ್ಕನೇ ಸೀಸನ್‌ನಲ್ಲಿ 2005ರ ‘ಇನ್ ಎ ಮಿರರ್, ಡಾರ್ಕ್ಲಿ’ ಅಂತ ಎರಡು ಭಾಗದ ಕಥೆ ಇದೆ. ಕನ್ನಡಿ ಲೋಕದ, ಅಂದ್ರೆ ಇದೇ ಜನ ಕೆಟ್ಟವರಾಗಿರುವ ಇನ್ನೊಂದು ಜಗತ್ತಿನ, ಆರ್ಚರ್ ಕೈಗೆ ನೂರು ವರ್ಷ ಮುಂದಿನ ‘ಡಿಫಯಂಟ್’ ಹಡಗು ಸಿಗುತ್ತದೆ. ಅದು 1968ರ ‘ದಿ ಥೋಲಿಯನ್ ವೆಬ್’ನಲ್ಲಿ ಕರ್ಕ್ ಒಳಗಿದ್ದಾಗಲೇ ಮಾಯವಾದ ಹಡಗು. ಅದಕ್ಕೋಸ್ಕರ ಅರವತ್ತರ ದಶಕದ ಬ್ರಿಡ್ಜನ್ನು (ಹಡಗು ನಡೆಸುವ ಕೋಣೆಯನ್ನು) ಹಾಗೇ ಹೊಸದಾಗಿ ಕಟ್ಟಿದ್ದರು. ಅದೇ ಕೆಂಪು ಕಂಬಿ, ಅದೇ ಬಣ್ಣಬಣ್ಣದ ಗುಂಡಿಗಳು, ಅದೇ ಪೀಂ ಪೀಂ ಸದ್ದು. ದೀಪ ಹತ್ತಿದಾಗ ಆ ಕೊಲೆಗಡುಕರೆಲ್ಲ ಬಾಯಿ ಬಿಟ್ಟು ನೋಡುತ್ತಾರೆ. ಯಾರಿಗೂ ನಗು ಬರಲ್ಲ, ಯಾಕಂದ್ರೆ ಪರದೆಯ ಮೇಲಿನವರಿಗೆ ಅದು ಕಂಡುಕೇಳರಿಯದ ಯಂತ್ರ. ಅವರ ಕಣ್ಣಿಂದಲೇ ನಮ್ಮ ಹುಡುಗರೂ ನೋಡಿದರು. ಅದರ ಮುಂದಿನ ಶನಿವಾರ ‘ಥೋಲಿಯನ್ ವೆಬ್’ ಹಾಕಿದೆ. ಆ ಹಡಗು ಎಲ್ಲಿಗೆ ಹೋಯಿತು ಅಂತ ಕರ್ಕ್‌ಗೆ ಗೊತ್ತಿಲ್ಲ, ಸ್ಪಾಕ್‌ಗೂ ಗೊತ್ತಿಲ್ಲ, ನಮ್ಮ ಮಹಡಿ ಮೇಲಿದ್ದವರಿಗೆ ಮಾತ್ರ ಗೊತ್ತು! ಅರೀನಾ ನೋಡಿ ಕೆಳಗಿಳಿದಿದ್ದ ಹುಡುಗನೇ ‘ಶ್, ಸುಮ್ನಿರ್ರೋ’ ಅಂದ.

ಹೊಸಬರಿಗೆ ಮೊದಲೇ ಕನ್ನಡಿ ಲೋಕ ತೋರಿಸಿದರೆ ತಲೆಬುಡ ಗೊತ್ತಾಗಲ್ಲ ಅಂತ ಮಲ್ಲೇಶ್ವರದವನು ಪಂದ್ಯ ಕಟ್ಟಿದ್ದ. ಅದಕ್ಕೆ ನಾನು ಮುಂಚಿನ ವಾರ ಎಂಟರ್‌ಪ್ರೈಸ್‌ನದೇ ‘ಕಾರ್ಬನ್ ಕ್ರೀಕ್’ ಹಾಕಿದ್ದೆ. 1957ರಲ್ಲಿ ಪೆನ್ಸಿಲ್ವೇನಿಯಾದ ಗಣಿ ಊರಿನಲ್ಲಿ ಸಿಕ್ಕಿಬಿದ್ದ ವಲ್ಕನ್ನರ (ಸ್ಪಾಕ್‌ನ ಕಡೆಯ ಅನ್ಯಗ್ರಹದವರ) ಕಥೆ ಅದು, ಆರ್ಚರ್ ಹಡಗಿನ ಟಿ’ಪೋಲ್ ಊಟದ ಮೇಜಿನಲ್ಲಿ ಹೇಳುತ್ತಾಳೆ. ಯಾವ ಹಿನ್ನೆಲೆಯೂ ಬೇಕಿಲ್ಲ, ಒಳ್ಳೆಯ ಆರ್ಚರ್ ಹೇಗಿರುತ್ತಾನೆ ಅಂತಲೂ ಗೊತ್ತಾಗುತ್ತೆ. ಮಿರರ್‌ಗೆ ಇನ್ನೊಂದು ಲಾಭ ಇದೆ. ಅದರಲ್ಲಿ ಟೈಟಲ್ಲೇ ಬೇರೆ, ಆ ಹಾಡು ಇಲ್ಲ. ಇಷ್ಟರ ಜೊತೆಗೆ ಶುರುವಿನಲ್ಲಿ ಕನ್ನಡದಲ್ಲಿ ಒಂದೈದು ನಿಮಿಷ ಕಥೆ ಹೇಳುತ್ತೇನೆ. ಏನು ಹೇಳುತ್ತೇನೆ, ಎಲ್ಲಿ ನಿಲ್ಲಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಪಂದ್ಯದ ದುಡ್ಡು ಇನ್ನೂ ಬಂದಿಲ್ಲ.

ಅಲ್ಲಿಂದ ಎಲ್ಲವೂ ಜೋಡಿ. ಹೊಸದೊಂದು, ಹಳೇದೊಂದು. 1967ರಲ್ಲಿ ಕ್ಲಿಂಗಾನ್ ಅನ್ನೋ ಅನ್ಯಗ್ರಹದವರ ಹಣೆ ನಮ್ಮದರ ಥರವೇ ಸಪಾಟಾಗಿತ್ತು, 1979ರ ಸಿನಿಮಾದಲ್ಲಿ ಉಬ್ಬು ಬಂತು, 1996ರಲ್ಲಿ ಅವರಲ್ಲೊಬ್ಬನಾದ ವೋರ್ಫ್ ‘ಹೊರಗಿನವರ ಹತ್ತಿರ ನಾವು ಅದನ್ನು ಮಾತಾಡಲ್ಲ’ ಅಂತ ಜಾರಿಕೊಂಡ, ಕೊನೆಗೆ 2005ರಲ್ಲಿ ಎಂಟರ್‌ಪ್ರೈಸ್‌ನವರು ಅದನ್ನೊಂದು ವೈರಸ್ ತಲೆಗೆ ಕಟ್ಟಿದರು. ಮೇಕಪ್ ಬಜೆಟ್ಟಿನ ಸಮಸ್ಯೆಗೆ ಎರಡು ಎಪಿಸೋಡ್ ಖರ್ಚು ಮಾಡಿದ್ದು ನನಗೆ ಅತಿ ಅನ್ನಿಸುತ್ತೆ, ನಮ್ಮವರಿಗೆ ಬಹಳ ಹಿಡಿಸಿತು.

ಎಲ್ಲಕ್ಕಿಂತ ಚೆನ್ನಾಗಿ ಕೂತಿದ್ದು ಪೈಕ್ ಸಾಲು. ಇಲ್ಲಿ ಮಾತ್ರ ಕ್ರಮ ತಿರುಗಿಸಿ ಹಳೇದು ಮೊದಲು ಹಾಕಬೇಕು. ಹಳೇ ಸರಣಿಯ ‘ದಿ ಮೆನಾಜರಿ’ಯಲ್ಲಿ ಸುಟ್ಟ ಮುಖದ ಪೈಕ್ ಗಾಲಿಕುರ್ಚಿಯಲ್ಲಿ ಕೂತಿದ್ದಾನೆ, ಹೌದು, ಇಲ್ಲ ಅನ್ನೋಕೂ ದೀಪವೇ ಮಿನುಗಬೇಕು. ಅದಾದ ಮೇಲೆ 2022ರ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’, ಅದಕ್ಕೂ ಮುಂಚಿನ ಪೈಕ್‌ನ ಕಥೆ. ಇಲ್ಲಿ ಪೈಕ್‌ಗೇ ತನ್ನ ಗತಿ ಗೊತ್ತು. ಗೊತ್ತಿದ್ದೂ ನಗುತ್ತಾ ಎಲ್ಲರಿಗೂ ಅಡುಗೆ ಮಾಡಿ ಬಡಿಸುತ್ತಾನೆ. ಅವತ್ತು ರಾಯರು ನಿಪ್ಪಟ್ಟು ಕೆಳಗಿಟ್ಟು, ‘ಇದು ಪರೀಕ್ಷಿತ ರಾಜನ ಕಥೆ ಅಲ್ವೇನಪ್ಪಾ, ಏಳು ದಿನ ಗೊತ್ತಿದ್ದೂ ಕೂತಿರಬೇಕಲ್ಲ’ ಅಂದರು. ನನ್ನ ಐದು ನಿಮಿಷದ ಭಾಷಣ ಅವತ್ತು ಬೇಕಾಗಲಿಲ್ಲ. ಸೀಸನ್ ಕೊನೆಯ ‘ಎ ಕ್ವಾಲಿಟಿ ಆಫ್ ಮರ್ಸಿ’ಗೆ ಮುಂಚೆ 1966ರ ‘ಬ್ಯಾಲೆನ್ಸ್ ಆಫ್ ಟೆರರ್’ ಹಾಕಲೇಬೇಕು, ಅದೇ ದಿನ, ಮಧ್ಯೆ ಒಂದು ಕಾಫಿ ಅಷ್ಟೇ. ಕರ್ಕ್ ಜಾಗದಲ್ಲಿ ಪೈಕ್ ಕೂತರೆ ಅದೇ ಯುದ್ಧ ಹೇಗೆ ಕೆಡುತ್ತದೆ ಅನ್ನೋದು ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಗೊತ್ತಾಗುತ್ತೆ.

ಇನ್ನೊಂದು ಪ್ರೀಕ್ವೆಲ್ ‘ಡಿಸ್ಕವರಿ’ ಸ್ವಲ್ಪ ತೊಂದರೆ ಕೊಟ್ಟಿತು. ಕರ್ಕ್‌ಗಿಂತ ಹತ್ತು ವರ್ಷ ಹಿಂದಿನ ಹಡಗು ಇಷ್ಟು ಥಳಥಳ ಅಂದರೆ, ಕರ್ಕ್ ಹಡಗು ಯಾಕೆ ಅಷ್ಟು ಹಳೇದಾಗಿ ಕಾಣುತ್ತೆ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಎರಡನೇ ಸೀಸನ್ ಕೊನೆಗೆ ಆ ಹಡಗಿನ ಹೆಸರೇ ಎತ್ತಬಾರದು ಅಂತ ಮುಚ್ಚಿಹಾಕಿ, ಹಡಗನ್ನೇ ಒಂಬೈನೂರು ವರ್ಷಕ್ಕೂ ಮುಂದಕ್ಕೆ ಕಳಿಸಿದ್ದು ಸುಮ್ನೆ ಅಲ್ಲ. ನಾನು ಎರಡನೇ ಸೀಸನ್‌ನಿಂದ ಕೆಲವೇ ಎಪಿಸೋಡ್ ಹೆಕ್ಕಿಕೊಂಡೆ. ಆ ಪಟ್ಟಿ ಇಲ್ಲಿ ಹಾಕಲ್ಲ, ಅದಕ್ಕೆ ನಾನು ಒಂದು ಮಳೆಗಾಲ ಕಳೆದಿದ್ದೇನೆ.

ನಡುವೆ ಸ್ಟಾರ್ ಟ್ರೆಕ್ ಬಿಟ್ಟು ಬೇರೆ ಸರಣಿಗಳಿಗೂ ಕೈ ಹಾಕಿದೆ. ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾಗೆ ಮುಂಚೆ 2010ರ ‘ಕ್ಯಾಪ್ರಿಕಾ’ ಹಾಕಿದೆ, ಏಳಲಿಲ್ಲ. ಐವತ್ತೆಂಟು ವರ್ಷ ಆದಮೇಲೆ ಈ ರೋಬಾಟ್‌ಗಳು ಏನು ಮಾಡುತ್ತವೆ ಅಂತ ಗೊತ್ತಿಲ್ಲದವನಿಗೆ ಅದು ಎರಡು ಮನೆಗಳ ಜಗಳ ಅಷ್ಟೇ. ಬ್ಯಾಬಿಲಾನ್ 5ರ ‘ಇನ್ ದಿ ಬಿಗಿನಿಂಗ್’ ಅನ್ನು ಮೊದಲು ಹಾಕುವ ಯೋಚನೆಯೇ ಬೇಡ. ಮನುಷ್ಯರ ಮೇಲೆ ಗೆಲ್ಲುತ್ತಿದ್ದ ಮಿನ್‌ಬಾರಿಗಳು ಯಾಕೆ ಶರಣಾದರು ಅನ್ನೋ ಗುಟ್ಟನ್ನು ಅದು ತಾನೇ ಬಿಚ್ಚಿಟ್ಟುಬಿಡುತ್ತೆ. ಸ್ಟಾರ್ ವಾರ್ಸ್‌ನ ‘ಆಂಡೋರ್’ಗೆ ಯಾವ ಉಪಾಯವೂ ಬೇಕಾಗಲಿಲ್ಲ, ಇಪ್ಪತ್ನಾಲ್ಕು ಎಪಿಸೋಡ್ ನೇರವಾಗಿ, ಅದರ ಮೇಲೆ ‘ರೋಗ್ ಒನ್’. ಇನ್ನೊಂದು ಚಿಕ್ಕ ಪ್ರಯೋಗ: ಸ್ಟಾರ್ ಟ್ರೆಕ್ ಹಳೇ ಸರಣಿಯ ಬ್ಲೂ-ರೇಯಲ್ಲಿ 2006ರ ನಂತರ ಮಾಡಿದ ಹೊಸ ಗ್ರಾಫಿಕ್ಸೂ ಇದೆ, ಹಳೆಯದೂ ಇದೆ, ಯಾವುದು ಬೇಕೋ ಅದನ್ನು ಹಾಕಬಹುದು. ಹೊಸದೇ ಗೆಲ್ಲುತ್ತೆ ಅಂದುಕೊಂಡಿದ್ದೆ. ಮಿರರ್ ನೋಡಿದ್ದ ಬ್ಯಾಚು ಹಳೆಯದೇ ಹಾಕಿ ಅಂತ ಗಲಾಟೆ ಮಾಡಿತು.

ಎಂಟರ್‌ಪ್ರೈಸ್‌ನ ಕೊನೆಯ ಎಪಿಸೋಡ್ ಮಾತ್ರ ನಾನು ಹಾಕಲ್ಲ. ನಾಲ್ಕು ಸೀಸನ್ ದುಡಿದ ಹಡಗಿನವರನ್ನು ಪಕ್ಕಕ್ಕೆ ತಳ್ಳಿ, ಬೇರೆ ಸರಣಿಯ ರೈಕರ್ ಹಾಲೊಡೆಕ್‌ನಲ್ಲಿ (ನಿಜದಂಥ ದೃಶ್ಯ ಸೃಷ್ಟಿಸುವ ಕೋಣೆಯಲ್ಲಿ) ನಿಂತು ನೋಡುವ ಆಟ ಮಾಡಿದ್ದಾರೆ, ಹಡಗಿನ ಎಂಜಿನಿಯರ್ ಟ್ರಿಪ್‌ನನ್ನು ಸುಮ್ನೆ ಸಾಯಿಸಿದ್ದಾರೆ. ಅದಕ್ಕೆ ಮುಂಚಿನ ‘ಟೆರ್ರಾ ಪ್ರೈಮ್’ಗೇ ಪ್ರೊಜೆಕ್ಟರ್ ಆಫ್. ಬೇಕಾದವರು ಮನೆಗೆ ಹೋಗಿ ನೋಡಿಕೊಳ್ಳಲಿ, ಬೈಯೋಕೆ ಮುಂದಿನ ಶನಿವಾರ ಬರಲಿ.